ಕಬ್ಬಿಣದ ಕೈಯ ಸಿನಿಮಾ ಮತ್ತು ದ್ಯಾವಯ್ಯಮಾವನ ಬೀಗರೂಟ

ನಮ್ಮ ಸೋದರಮಾವ ದ್ಯಾವಯ್ಯನವರು ಆ ಕೋಟಿ ಕೋಟಿ ಖರ್ಚಿನ ಸಿನಿಮಾವನ್ನು ಮೂರು ಸಲ ನೋಡಿದರು ಎಂದರೆ ತೊಣ್ಣೂರಿನಲ್ಲಿ ಇವತ್ತಿಗೂ ಯಾರೂ ನಂಬುವುದಿಲ್ಲ. ಮೊದಲ ಸಲ ಕರೆದುಕೊಂಡು ಹೋದ ಪಾಪ ನನ್ನ ತಮ್ಮ ದಿಲೀಪನದು. ಉಳಿದೆರಡು ಸಲ ಅವರೇ ಬಸ್ಸು ಹತ್ತಿ ಹೋದರು.

ಮಾವನ ವಿಷಯ ಮೊದಲು ಹೇಳಿಬಿಡುತ್ತೇನೆ. ಆಲೆಮನೆಯಲ್ಲಿ ಗಾಣಕ್ಕೆ ಕಬ್ಬು ಕೊಡುವುದು ಅವರ ಕೆಲಸವಾಗಿತ್ತು. ಎರಡು ವರ್ಷದ ಹಿಂದೆ ಗಾಣ ಕಬ್ಬಿನ ಜೊತೆಗೆ ಅವರ ಬಲಗೈಯನ್ನೂ ಎಳೆದುಕೊಂಡಿತು. ಮೊಣಕೈವರೆಗೆ ಹೋಯಿತು. ಅದಕ್ಕೆ ಅವರು ಒಂದು ದಿನವೂ ಗೊಣಗಲಿಲ್ಲ. ಎಡಗೈಯಲ್ಲೇ ಹಾಲು ಕರೆಯುವುದು, ಮಚ್ಚು ಹಿಡಿಯುವುದು ಎಲ್ಲ ಕಲಿತರು. ಆದರೆ ನಾಲ್ಕು ಜನರ ಮುಂದೆ ಎಡಗೈಯಲ್ಲಿ ಮುದ್ದೆ ಮುರಿಯುವುದು? ಉಂಟೇ! ಎಡಗೈ ಇರುವುದು ಯಾವ ಕೆಲಸಕ್ಕೆಂದು ನಮ್ಮ ಕಡೆ ಕೂಸಿಗೂ ಗೊತ್ತು. ಹಾಗಾಗಿ ಮನೆಯಲ್ಲಿ ಬಾಗಿಲು ಮುಂದೆ ಮಾಡಿಕೊಂಡು ಉಣ್ಣುತ್ತಿದ್ದರು. ಯಾರ ಮನೆಯ ಪಂಕ್ತಿಯಲ್ಲೂ ಕೂರಲಿಲ್ಲ. ಮಗಳು ಪವಿತ್ರಳ ಮದುವೆಯ ದಿನ ಕೂಡ ಬಡಿಸುವವರ ಹಿಂದೆ ಓಡಾಡಿಕೊಂಡು ತಪ್ಪಿಸಿಕೊಂಡರು. ಯಾವುದೋ ಶಿಬಿರದಲ್ಲಿ ಕೊಟ್ಟ ಪ್ಲಾಸ್ಟಿಕ್ ಕೈಯೊಂದಿತ್ತು. ಬಣ್ಣ ಸಿನಿಮಾ ನಾಯಕಿಯದು, ಬೆರಳು ಮಾತ್ರ ಮಡಚುತ್ತಿರಲಿಲ್ಲ. ಅದನ್ನು ಗೋಡೆಯ ಮೊಳೆಗೆ ಸಿಕ್ಕಿಸಿ, ಮೇಲೆ ಟವೆಲ್ಲು ಹರವುತ್ತಿದ್ದರು.

ಮದುವೆ ಶ್ರಾವಣದಲ್ಲಾದ್ದರಿಂದ ಬಾಡೂಟಕ್ಕೆ ಎಲ್ಲರೂ ಕಾಯಬೇಕಾಯಿತು. ಗೌರಿ ಹಬ್ಬ ಕಳೆದ ಮೇಲೆ ಅಕ್ಕಿಹೆಬ್ಬಾಳಿನ ಗಂಡಿನ ಮನೆಯಲ್ಲಿ ಬೀಗರೂಟವೆಂದು ಗೊತ್ತಾಯಿತು. ಬೀಗರೂಟದಲ್ಲಿ ಹೆಣ್ಣಿನಪ್ಪ ಬೀಗನ ಪಕ್ಕ ಕೂತು ಉಣ್ಣದಿದ್ದರೆ ಅದು ಊಟವಲ್ಲ, ಜಗಳಕ್ಕೆ ವೀಳ್ಯ ಕೊಟ್ಟಂತೆ. ಪವಿತ್ರ ಫೋನಿನಲ್ಲಿ ಅತ್ತಳು.

"ಅಪ್ಪಯ್ಯ, ನೀನ್ ಬರ್ನಿಲ್ಲ ಅಂದ್ರೆ ನಾವು ಅವ್ರುನ್ನ ಕೀಳಾಗ್ ಕಾಣ್ತೀವಿ ಅನ್ಕತಾರೆ. ನಾನ್ ಈ ಮನೇಲಿ ಎಂಗ್ ತಲೆಯೆತ್ಕಂಡ್ ಇರ್ಲಿ?"

"ಅಪ್ಪುಂಗೆ ಜ್ವರ ಬಂದೈತೆ ಅಂತ ಹೇಳ್ಬುಡವ್ವ," ಎಂದರು ಮಾವ. ಊಟಕ್ಕೆ ಇನ್ನೂ ಮೂರು ವಾರವಿತ್ತು. ಜ್ವರವನ್ನು ಅಷ್ಟು ಮುಂಚೆ ಬುಕ್ ಮಾಡಿಟ್ಟವರನ್ನು ನಾನು ಬೇರೆ ಕಂಡಿಲ್ಲ.

ಆ ಹೊತ್ತಿಗೆ ಸರಿಯಾಗಿ ಶ್ರೀರಂಗಪಟ್ಟಣದ ಟಾಕೀಸಿಗೆ ಆ ಸಿನಿಮಾ ಬಂತು. ದಿಲೀಪನಿಗೆ ಪಾಂಡವಪುರ ರಸ್ತೆಯಲ್ಲಿ ವೆಲ್ಡಿಂಗ್ ಅಂಗಡಿ. "ಸೈಬರ್‌ಪಂಕ್ ಕಣಣ್ಣ! ಇಂತದ್ದ ಯಾರೂ ತೆಗ್ದಿಲ್ಲ," ಎಂದು ಕುಣಿದ. ಹಾಗೆಂದರೇನು ಎಂದು ಕೇಳಿದರೆ ಅವನಿಗೂ ಗೊತ್ತಿಲ್ಲ. ಮಾವನಿಗೆ ಬೇಜಾರು ಕಳೆಯಲಿ ಎಂದು ಅವರನ್ನೂ ನನ್ನನ್ನೂ ಎಳೆದುಕೊಂಡು ಹೋದ. ನಾನು ತಿಳಿದುಕೊಂಡದ್ದು ಇಷ್ಟು: ಇನ್ನು ನೂರೈವತ್ತು ವರ್ಷಕ್ಕೆ ಹಗಲೇ ಇರುವುದಿಲ್ಲ, ಆದರೆ ಕರೆಂಟು ಒಂದು ನಿಮಿಷವೂ ಹೋಗುವುದಿಲ್ಲ. ಸದಾ ಮಳೆ, ಆದರೂ ಯಾರ ಹತ್ತಿರವೂ ಒಂದು ಕೊಡೆ ಇಲ್ಲ. ಎಲ್ಲರೂ ಅರ್ಧ ಮನುಷ್ಯರು, ಅರ್ಧ ಯಂತ್ರ. ಒಂದು ಕಂಪನಿಯವರು ಹೀರೋನ ನೆನಪನ್ನು ಕದಿಯುತ್ತಾರೆ. ಯಾಕೆ ಹೊಡೆಯುತ್ತಿದ್ದೇನೆಂಬ ನೆನಪೂ ಇಲ್ಲದೆ ಅವನು ಮೂರು ಗಂಟೆ ಕಾಲ ಸಿಕ್ಕಿದವರನ್ನೆಲ್ಲ ಹೊಡೆಯುತ್ತಾನೆ. ಅಷ್ಟು ಕೋಟಿಯಲ್ಲಿ ಕಥೆಗೆಂದು ಒಂದು ರೂಪಾಯಿಯನ್ನೂ ತೆಗೆದಿಟ್ಟಂತೆ ಕಾಣಲಿಲ್ಲ.

ಹೀರೋನ ಬಲಗೈ ಕಬ್ಬಿಣದ್ದು. ಅದು ಕಾರನ್ನು ಎತ್ತಿದಾಗ ಟಾಕೀಸಿಗೆ ಟಾಕೀಸೇ ಎದ್ದು ಕುಣಿಯಿತು. ದಿಲೀಪ ತಿರುಗಿ ನೋಡಿದ. ಮಾವನ ಕಣ್ಣು ಪರದೆ ಬಿಟ್ಟು ಕದಲುತ್ತಿರಲಿಲ್ಲ. ಆಗಲೇ ಅವನ ತಲೆಗೆ ಹುಳ ಹೊಕ್ಕಿತು. ಮಾವ ಮೂರನೆಯ ಸಲವೂ ನೋಡಿ ಬಂದಾಗ ತೀರ್ಮಾನವೇ ಆಗಿಹೋಯಿತು.

"ಅಣ್ಣ, ಮಾವುಂಗೆ ಅಂತದ್ದೇ ಕೈ ಬೇಕು ಕಣಣ್ಣ. ಬಾಯ್ಬುಟ್ಟು ಕೇಳಕ್ಕೆ ನಾಚ್ಕೆ."

ಮಾಡಿಯೂಬಿಟ್ಟ. ಸೈಲೆನ್ಸರ್ ಪೈಪು, ಬೈಕಿನ ಚೈನು, ಬೆರಳೆಳೆಯಲು ಕ್ಲಚ್ ವೈರು, ಅಂದಕ್ಕೆ ಟ್ರಾಕ್ಟರಿನ ಹಿಂದಿನ ಕೆಂಪು ದೀಪ. ಭುಜಕ್ಕೆ ಬೆಲ್ಟು ಬಿಗಿದರೆ ಮಾವ ಬಲಕ್ಕೆ ವಾಲಿಬಿಡುತ್ತಿದ್ದರು. ಪರೀಕ್ಷೆಗೆಂದು ಹಿಡಿದ ಮುದ್ದೆ ಚಪ್ಪಟೆಯಾಗಿ ರೊಟ್ಟಿಯಾಯಿತು. "ಅಯ್ಯೋ ನನ್ ಸಿವ್ನೆ, ಇದ್ಯಾವ್ ಪೀಡೆ ತಂದ್ಯಪ್ಪಾ," ಎಂದು ಮಾವನ ಹೆಂಡತಿ ಚಿಕ್ಕಬೋರಮ್ಮತ್ತೆ ಬಾಯಿ ಬಡಿದುಕೊಂಡರು. ಆದರೂ ಸೋದರಳಿಯ ಪ್ರೀತಿಯಿಂದ ಮಾಡಿದ್ದೆಂದು ಮಾವ ಅದನ್ನು ಕಟ್ಟಿಕೊಂಡೇ ಬೀಗರೂಟಕ್ಕೆ ಹೊರಟರು. ಬುಕ್ ಆಗಿದ್ದ ಜ್ವರ ಬರಲಿಲ್ಲ. ನಮಗೆ ಅಷ್ಟೇ ಸಾಕಾಗಿತ್ತು.

ಅಕ್ಕಿಹೆಬ್ಬಾಳಿನಲ್ಲಿ ಶಾಮಿಯಾನದ ತುಂಬ ಜನ. ಬೀಗರಾದ ದೇವರಾಜು ಗರಿಗರಿ ಬಿಳಿ ಅಂಗಿಯಲ್ಲಿ ಬಂದು ಮಾವನನ್ನು ತಮ್ಮ ಪಕ್ಕಕ್ಕೇ ಕೂರಿಸಿಕೊಂಡರು. ಮಕ್ಕಳು ಕೈ ನೋಡಲು ಮುತ್ತಿಕೊಂಡವು. ಎಲೆಗೆ ಮುದ್ದೆ ಬಿತ್ತು, ಬಾಡಿನ ಸಾರು ಬಿತ್ತು. ಮಾವ ನಿಧಾನವಾಗಿ ಬೆಲ್ಟು ಬಿಚ್ಚಿ, ಕಬ್ಬಿಣದ ಕೈಯನ್ನು ಬೆಂಚಿನ ಕೆಳಗಿಟ್ಟರು. ದಿಲೀಪನ ಮುಖ ಇಳಿದುಹೋಯಿತು.

"ಯಾಕ್ ಮಾವ, ವೈರ್ ಕಿತ್ತೋಯ್ತಾ?"

"ಇಲ್ಲ ಕಣ್ಲಾ. ನಾನ್ ಮೂರ್ ಸತಿ ಸಿನ್ಮಾಕ್ ವೋಗಿದ್ದು ಈ ಕೈ ನೋಡಕ್ಕಲ್ಲ. ಅದು ಮುರ್ದೋದ್ ಮ್ಯಾಕೆ ಅವ್ನು ತಿಂಡಿ ಗಾಡಿ ತಾವ್ ಕುಂತ್ಕಂಡು ಎಡಗೈಲಿ ಉಣ್ತಾನಲ್ಲ, ಅದ್ನ ನೋಡಕ್ಕೆ. ಸುತ್ತ ಅಷ್ಟ್ ಜನ ಅವ್ರೆ, ಒಬ್ನಾದ್ರೂ ತಿರ್ಗಿ ನೋಡ್ಬೇಕಲ್ಲ!"

ನನಗೆ ಆ ದೃಶ್ಯ ನೆನಪೇ ಬರಲಿಲ್ಲ. ಎರಡು ಹೊಡೆದಾಟಗಳ ನಡುವಿನ ಅರ್ಧ ನಿಮಿಷವಿರಬೇಕು. ಮಾವನೊಬ್ಬರನ್ನು ಬಿಟ್ಟು ಗಂಡಸರೆಲ್ಲ ಆಗ ಎದ್ದು ಆಚೆ ಹೋಗಿದ್ದೆವು.

ಮಾವ ಎಡಗೈಯಲ್ಲಿ ಮುದ್ದೆ ಮುರಿದರು. ಇದು ಸಿನಿಮಾ ಅಲ್ಲವಲ್ಲ, ಎಲ್ಲರೂ ತಿರುಗಿ ನೋಡಿದರು. ತುತ್ತು ಜಾರಿ ಸಾರಿಗೆ ಬಿದ್ದು, ಸಾರು ಸಿಡಿದು ಬೀಗರ ಬಿಳಿ ಅಂಗಿಯ ಮೇಲೆ ಚೆಲ್ಲಿತು. ಬಡಿಸುವವರು ನಿಂತುಬಿಟ್ಟರು. ಎದುರು ಸಾಲಿನಲ್ಲಿದ್ದ ಪವಿತ್ರ ತಲೆ ತಗ್ಗಿಸಿದಳು. ನನಗೆ ದಿಲೀಪನ ಮೇಲೆ, ಸಿನಿಮಾದವರ ಮೇಲೆ, ಅಲ್ಲಿ ಕೂತಿದ್ದ ಅಷ್ಟೂ ಜನರ ಮೇಲೆ ಸಿಟ್ಟು ಉಕ್ಕಿತು. ಅಳುವೂ ಬಂತು.

ದೇವರಾಜು ತಮ್ಮ ಅಂಗಿ ನೋಡಿಕೊಂಡರು. ಮಾವನ ಎಲೆ ನೋಡಿದರು. ಆಮೇಲೆ ಬಡಿಸುವವನನ್ನು ಗದರಿದರು.

"ಏನ್ಲಾ ಬಾಯ್ಬುಟ್ಕಂಡ್ ನೋಡ್ತಿದ್ದೀಯ? ನಮ್ ಬೀಗ್ರು ಉಣ್ತಾವ್ರೆ, ಕಾಣಾಕಿಲ್ವಾ? ಬಿಸೀದು ಇನ್ನೊಂದ್ ಮುದ್ದೆ ತತ್ತಾ!"

ಮಾವ "ಅರ್ದ ಸಾಕು" ಎಂದರು. ಪೂರ್ತಿಯೇ ಬಿತ್ತು. ಪವಿತ್ರ ತನ್ನ ಎಲೆ ಬಿಟ್ಟು ಎದ್ದು ಬಂದು, ಬಡಿಸುವವನ ಕೈಯಿಂದ ಸೌಟು ಕಿತ್ತುಕೊಂಡು, ಅಪ್ಪನ ಎಡಗೈಗೆ ಹತ್ತಿರವಾಗುವಂತೆ ಸಾರು ಬಿಟ್ಟಳು.