ಮನೆಯಲ್ಲಿ ಯಾರೂ ಇಲ್ಲ

ಕಸದ ಬುಟ್ಟಿ ಹೊರಗಿಡಲು ಹೊಸ್ತಿಲು ದಾಟಿದಾಗ ಬಾಗಿಲು ತಾನೇ ಬೀಗ ಹಾಕಿಕೊಂಡು, ಇಂಪನಾ ಒಬ್ಬಳೇ ಒಳಗೆ ಉಳಿದರೆ? ವರ್ಷ ತುಂಬದ ಕೂಸು. ಈ ಚಿಂತೆಯನ್ನು ನನಗೆ ದಯಪಾಲಿಸಿದವರು ಮೇಲಿನ ಮಹಡಿಯ ಬಿಂದುಮಾಧವರು.

ವಿಜಯಪುರದವರು. ಪುಣೆ ಹತ್ತಿರದ ತಳೇಗಾಂವದ ಕಾರ್ಖಾನೆಯಲ್ಲಿ ಮೇಲ್ವಿಚಾರಕರಾಗಿದ್ದು ನಿವೃತ್ತರಾದ ಮೇಲೆ, ವಿಚಾರಿಸಿಕೊಳ್ಳಲು ಯಾರೂ ಸಿಗದೆ ನಮ್ಮ ಕಟ್ಟಡದ ಮನೆಗಳಿಗೆ ನುಗ್ಗಿದರು. ಕೈಯಲ್ಲಿ ಸ್ಕ್ರೂಡ್ರೈವರ್, ಬಾಯಲ್ಲಿ ಉಪದೇಶ. ಅವರ ಮನೆಗೆ ಮಾತ್ರ ಇಂದಿಗೂ ಕಬ್ಬಿಣದ ಚಿಲಕ! ‘ನಮ್ಮ ಕನ್ನಡದವರು’ ಎಂಬ ಒಂದೇ ಅರ್ಹತೆಯ ಮೇಲೆ ನನ್ನ ಗಂಡ ಮಿಥುನನೇ ಅವರನ್ನು ಕರೆತಂದ. ನಮ್ಮಲ್ಲಿದ್ದ ಕಳ್ಳರ ಅಲಾರಂಗೆ ಅವರು ಅದೇ ಕಂಪನಿಯ ಇನ್ನೊಂದು ಪೆಟ್ಟಿಗೆ ತರಿಸಿ ಜೋಡಿಸಿದರು. ದೀಪ, ಫ್ಯಾನು, ಬಾಗಿಲಿನ ಬೀಗ ಎಲ್ಲ ಅದರ ಕೈಗೆ. ಮನೆಯವರ ಫೋನು ಹೊರಗೆ ಹೋದರೆ ಮನೆ ಖಾಲಿಯೆಂದು ತಿಳಿದು ಅದೇ ಬೀಗ ಹಾಕಿ, ದೀಪ-ಫ್ಯಾನು ಆರಿಸಿ, ಒಳಗೆ ಏನು ಅಲುಗಾಡಿದರೂ ಕೂಗುವಂತೆ ಅಲಾರಂ ಹಚ್ಚುತ್ತದೆ. ಸೇರಿಸಿದ್ದು ಮಿಥುನನ ಫೋನೊಂದೇ. ಪೆಟ್ಟಿಗೆಯ ಉಸ್ತುವಾರಿಯನ್ನು ಮಾತ್ರ ಬಿಂದುಮಾಧವರು ತಮ್ಮ ಫೋನಿನಲ್ಲೇ ಇಟ್ಟುಕೊಂಡರು.

“ನನ್ನ ಫೋನು?” ಎಂದೆ.

“ನೀವು ಮನಿಯಾಗ ಇರೋರು, ತಂಗಿ. ನಿಮ್ಮನ್ಯಾಕ ಎಣಸಬೇಕ್ರಿ?”

ಮಿಥುನನೂ ನಕ್ಕ.

ಅಂದಿನಿಂದ ಅವನು ಹಿಂಜವಾಡಿಯ ಆಫೀಸಿಗೆ ಹೊರಟನೆಂದರೆ ಮಗುವಿನ ಫ್ಯಾನು ನಿಲ್ಲುತ್ತಿತ್ತು. ನಾನು ಅಡುಗೆಮನೆಗೆ ಕಾಲಿಟ್ಟರೆ ಸೈರನ್. ದೂರಿದ್ದಕ್ಕೆ ಆ ಪಂಡಿತರ ಪರಿಹಾರ: “ಸ್ವಲ್ಪ ಕಡಿಮಿ ಅಡ್ಡಾಡ್ರಿ.”

ನಿನ್ನೆ ಮಿಥುನನ ಕಾರು ಗೇಟು ದಾಟುವ ಹೊತ್ತಿಗೇ ನಾನು ಹಾಲಿನ ಚೀಲಕ್ಕೆಂದು ಹೊರಬಂದೆ. ಗಾಳಿಗೆ ಬಾಗಿಲು ಬಡಿಯಿತು, ಬೀಗ ಬಿತ್ತು. ಒಳಗೆ ಇಂಪನಾ ಅಂಬೆಗಾಲಿಟ್ಟಿರಬೇಕು, ಸೈರನ್ ಕೂಗಿತು. ಆ ಕೂಗಿನ ನಡುವೆ ಅವಳ ಅಳು. ಎದುರುಮನೆಯ ಗೋದಾಬಾಯಿಯ ಫೋನಿನಿಂದ ಮಾಡಿದರೆ ಮಿಥುನ ಎತ್ತಲಿಲ್ಲ. ಬೇರೆ ದಾರಿಯಿಲ್ಲದೆ ಬಿಂದುಮಾಧವರಿಗೆ ಮಾಡಿದೆ. ಅವರು ಜೇಜುರಿಯಲ್ಲಿ, ಖಂಡೋಬನ ದರ್ಶನದ ಸಾಲಿನಲ್ಲಿದ್ದರು. ಅಲ್ಲಿಂದಲೇ ಬೀಗ ತೆರೆದರು.

“ಹೆಂಗದ? ಜೇಜುರಿಯಾಗ ನಿಂತು ಪುಣೆದ ಬಾಗಿಲಾ ತಗದೆ!”

ಸಂಜೆ ಹಣೆತುಂಬ ಅರಿಸಿನದ ಭಂಡಾರ ಬಳಿದುಕೊಂಡು ಬಂದು, ಲಿಫ್ಟಿನ ಬಳಿ ಸಿಕ್ಕವರಿಗೆಲ್ಲ ಮರಾಠಿಯಲ್ಲಿ ಅದನ್ನೇ ಕೊಚ್ಚಿಕೊಂಡರು. ಕೂಸನ್ನು ಅವರೇ ಉಳಿಸಿದರಂತೆ. ಮಿಥುನ ಥ್ಯಾಂಕ್ಸ್ ಹೇಳಿದ!

ಇವತ್ತು ಅವನು ಹೊರಡುವ ಮೊದಲೇ, ಇಂಪನಾಳನ್ನು ಸೊಂಟಕ್ಕೇರಿಸಿಕೊಂಡು, ಅವನ ಎದುರಿಗೇ ಅಲಾರಂ ಕಂಪನಿಗೆ ಫೋನು ಮಾಡಿದೆ. ಆ ಪೆಟ್ಟಿಗೆಯನ್ನು ಇವತ್ತೇ ಬಿಡಿಸಿಕೊಂಡು ಹೋಗಿ ಎಂದೆ. ಜನ ಬಂದಾಗ ಮನೆಯಲ್ಲಿ ಯಾರಿರುತ್ತಾರೆ ಎಂದು ಆ ಕಡೆಯ ಹುಡುಗಿ ಕೇಳಿದಳು.

“ನಾನಿರ್ತೀನಿ,” ಎಂದೆ. “ಹೆಸರು ಬರ್ಕೊಳ್ಳಿ, ಅಪೂರ್ವ.”