ಒಂದಕ್ಕೆ ಮೂರು ಪಾಲು

ಫೆಬ್ರುವರಿಯ ಒಂದು ಬೆಳಿಗ್ಗೆ ವನಜಮ್ಮ ಅಡುಗೆಮನೆಯ ಕಿಟಕಿಯ ಬಳಿ ಎರಡು ಬಾಟಲಿಗಳನ್ನು ಹಿಡಿದು ನಿಂತಿದ್ದರು. ಒಂದರಲ್ಲಿ ಆಶಾ ಕಾರ್ಯಕರ್ತೆ ಭವ್ಯ ಕೊಟ್ಟುಹೋದ ಎಣ್ಣೆ ಇತ್ತು. ಕಾಡಿಗೆ ಹೋಗುವ ಮೊದಲು ಕೈಕಾಲಿಗೆ ಅದನ್ನು ಹಚ್ಚಿಕೊಂಡರೆ ರಕ್ತ ಹೀರುವ ಉಣುಗು ಹತ್ತುವುದಿಲ್ಲ, ಉಣುಗು ಕಚ್ಚದಿದ್ದರೆ ಮಂಗನ ಕಾಯಿಲೆಯ ಭಯವಿಲ್ಲ ಎಂದು ಅವಳು ಹೇಳಿಹೋಗಿದ್ದಳು. ಇನ್ನೊಂದು, ಬಿಸಿನೀರಲ್ಲಿ ತೊಳೆದು ಒಣಗಿಸಿದ ಕೆಮ್ಮಿನ ಔಷಧಿಯ ಬಾಟಲಿ. ವನಜಮ್ಮ ಅದಕ್ಕೆ ಒಂದು ಪಾಲು ಭವ್ಯಳ ಎಣ್ಣೆ, ಮೂರು ಪಾಲು ಕೊಬ್ಬರಿ ಎಣ್ಣೆ ಸುರಿದು, ಹೆಬ್ಬೆರಳಿನಿಂದ ಬಾಯಿ ಮುಚ್ಚಿ ಅಲ್ಲಾಡಿಸಿದರು.

ಸೊಸೆ ಅರ್ಪಿತಾ ಬಾಗಿಲಲ್ಲಿ ಹೆಡಿಗೆ ಹಿಡಿದು ಕಾಯುತ್ತಿದ್ದಳು.

"ಅತ್ತೆ, ಹಂಗೆ ಬೆರೆಸ್ಬೋದಾ ಅದನ್ನ?"

"ಇದೂ ಎಣ್ಣೆ, ಅದೂ ಎಣ್ಣೆ. ಬರೀದು ಹಚ್ಚಿದ್ರೆ ಮೈ ಉರಿತದೆ ಅಂತ ನೀನೇ ಹೇಳ್ದಲ್ಲ ಮಗಾ. ಕೈ ಚಾಚು."

ಬೆರೆಸಿದ್ದು ಉರಿಯುತ್ತಿರಲಿಲ್ಲ. ಅರ್ಪಿತಾ ಮತ್ತೆ ಕೇಳಲಿಲ್ಲ.

ಮುತ್ತಿನಕೊಪ್ಪದ ಆ ಮನೆಯಲ್ಲಿ ಯಾವ ವಸ್ತುವೂ ಒಂದೇ ಕೆಲಸಕ್ಕೆ ಬಂದು ಮುಗಿದುಹೋದದ್ದಿಲ್ಲ. ಹಳೆಯ ಸೀರೆ ಮೊದಲು ಕೌದಿಯಾಗುತ್ತಿತ್ತು, ಕೌದಿ ಹರಿದರೆ ನೆಲ ಒರೆಸುವ ಬಟ್ಟೆ. ಅಕ್ಕಿ ತೊಳೆದ ನೀರು ಹಸುವಿಗೆ, ಬಟ್ಟೆ ಒಗೆದ ನೀರು ಬಸಳೆ ಚಪ್ಪರದ ಬುಡಕ್ಕೆ. ಸವೆದ ಸೋಪಿನ ಚೂರನ್ನು ಹೊಸ ಸೋಪಿಗೆ ಒತ್ತಿ ಅಂಟಿಸುತ್ತಿದ್ದರು. ಅಂಗಡಿಯ ಪ್ಲಾಸ್ಟಿಕ್ ಕವರುಗಳು ತೊಳೆಸಿಕೊಂಡು ತಂತಿಯ ಮೇಲೆ ನೇತಾಡುತ್ತಿದ್ದವು. ಪಂಚಾಯಿತಿಯ ಕಸದ ಗಾಡಿ ಓಡಿಸುವ ಯಜ್ಞೇಶ ಬೇಲಿಯಾಚೆಯಿಂದಲೇ ಕೂಗುತ್ತಿದ್ದ: "ಒಂದು ಕವರಾದ್ರೂ ಬಿಸಾಡಿ ಮಾರಾಯ್ತಿ, ನನ್ನ ಕೆಲಸ ತೆಗಿತೀರಿ ನೀವು." ಗಂಡ ಮಾರಪ್ಪ ಸತ್ತಾಗ ವನಜಮ್ಮನಿಗೆ ಮೂವತ್ತೊಂದು, ಮಗ ಮೋಹಿತನಿಗೆ ಆರು. ಕೂಲಿಯ ದುಡಿಮೆಯಲ್ಲಿ ಅವನನ್ನು ಬೆಳೆಸಿದ್ದು ಈ ಅಭ್ಯಾಸಗಳೇ. ಪರಿಸರ ಎಂಬ ಮಾತು ಅವರ ಬಾಯಲ್ಲಿ ಎಂದೂ ಬಂದದ್ದಿಲ್ಲ.

ಕಾಡಂಚಿನ ದರಕು ಗುಡಿಸುವುದೂ ಅದೇ ಲೆಕ್ಕಾಚಾರದ್ದು. ಬಿಸಿಲು ಏರಿದಂತೆ ಉದುರುವ ಒಣ ಎಲೆಯನ್ನು ತಂದು ಕೊಟ್ಟಿಗೆಯಲ್ಲಿ ಹಸುವಿನ ಕಾಲಡಿಗೆ ಹಾಸಿದರೆ ಮಳೆಗಾಲದ ಹೊತ್ತಿಗೆ ಗೊಬ್ಬರ. ಮೂಟೆ ಗೊಬ್ಬರ ಕೊಳ್ಳಬೇಕಿಲ್ಲ. ಉಣುಗು ಏಳುವುದೂ ಅದೇ ತಿಂಗಳುಗಳಲ್ಲಿ, ಅದೇ ಎಲೆಯಲ್ಲಿ. ದರಕು ತರಬೇಡಿ, ತಂದರೂ ಎಣ್ಣೆ ಹಚ್ಚದೆ ಹೋಗಬೇಡಿ ಎಂದು ಭವ್ಯ ಪ್ರತಿ ಭೇಟಿಯಲ್ಲೂ ಹೇಳುತ್ತಿದ್ದಳು. ಮೊದಲನೆಯದನ್ನು ವನಜಮ್ಮ ಕೇಳಲಿಲ್ಲ. ಎರಡನೆಯದನ್ನು ಪಾಲಿಸುತ್ತಿದ್ದೇನೆಂದು ನಂಬಿದ್ದರು.

ಮಾರ್ಚ್ ಎರಡನೇ ವಾರ ಅರ್ಪಿತಾಗೆ ಜ್ವರ ಬಂತು. ತಲೆ ಸಿಡಿಯುವ ನೋವು, ಸೊಂಟ ಎತ್ತಲಾಗದಷ್ಟು ಸುಸ್ತು, ಕೆಂಪೇರಿದ ಕಣ್ಣು. ರಕ್ತ ಪರೀಕ್ಷೆಯಲ್ಲಿ ಮಂಗನ ಕಾಯಿಲೆ ಎಂದು ಬಂತು. ತಾಲ್ಲೂಕು ಆಸ್ಪತ್ರೆಯ ವೈದ್ಯರು ಹಾಳೆಯಲ್ಲಿ ಬರೆದುಕೊಳ್ಳುತ್ತ ಕೇಳಿದರು: "ಎಣ್ಣೆ ಹಚ್ತಿದ್ರಾ?"

"ದಿನಾ ಹಚ್ಚಿದ್ವಿ" ಎಂದರು ವನಜಮ್ಮ. ವೈದ್ಯರು ಹಾಗೆಯೇ ಬರೆದುಕೊಂಡರು.

ಒಂಬತ್ತನೇ ದಿನ ಜ್ವರ ಇಳಿದು ಅರ್ಪಿತಾ ಮನೆಗೆ ಬಂದಳು. ಗಂಜಿ ಕುಡಿದಳು, ಜಗಲಿಯಲ್ಲಿ ಕೂತು ತಲೆ ಬಾಚಿಸಿಕೊಂಡಳು. ಈ ಕಾಯಿಲೆ ಕೆಲವರಲ್ಲಿ ಹೀಗೆ ಬಿಟ್ಟು ಮತ್ತೆ ಬರುತ್ತದೆ. ಆರು ದಿನ ಕಳೆದ ಮೇಲೆ ಅವಳಿಗೆ ಮತ್ತೆ ಜ್ವರ ಏರಿತು. ಈ ಸಲ ಕೈ ನಡುಗುತ್ತಿತ್ತು. ಮೋಹಿತ ತಾನು ಕೆಲಸ ಮಾಡುವ ಬಸರೀಕಟ್ಟೆಯ ಎಸ್ಟೇಟಿನಿಂದ ಜೀಪು ತಂದು, ಹೆಂಡತಿಯನ್ನು ಘಟ್ಟದ ಕೆಳಗಿನ ದೊಡ್ಡ ಆಸ್ಪತ್ರೆಗೆ ಕರೆದೊಯ್ದ. ಮಧ್ಯದಾರಿಯಲ್ಲಿ ಅವಳು ಅವನನ್ನು ಯಾರು ನೀವು ಎಂದು ಕೇಳಿದಳು.

ಅವಳನ್ನು ತೀವ್ರ ನಿಗಾ ಘಟಕಕ್ಕೆ ಸೇರಿಸಿ, ಕಾಯಲು ಅವಳ ಅಣ್ಣನನ್ನು ಬಿಟ್ಟು, ಮೋಹಿತ ಮರುದಿನ ಬಟ್ಟೆಬರೆಗೆಂದು ಊರಿಗೆ ಬಂದ. ಭವ್ಯ ಅಂಗಳದಲ್ಲಿ ವಿಚಾರಿಸುತ್ತ ನಿಂತಿದ್ದಳು. ಅವನು ಜೀಪಿನಿಂದ ಇಳಿದವನೇ ಅವಳ ಮುಂದೆ ಬಂದು ನಿಂತ.

"ನೀ ಕೊಟ್ಟಿದ್ದು ಎಣ್ಣೆನಾ, ನೀರಾ?"

"ನಾನೂ ಅದನ್ನೇ ಹಚ್ಕಂಡು ಕಾಡು ಸುತ್ತೋದು, ಮೋಹಿತಣ್ಣ."

"ದಿನಾ ಹಚ್ಚಿದ್ದಾಳೆ ನನ್ನ ಹೆಂಡ್ತಿ. ದಿನಾ. ನಾಳೆ ಮೇಲಿನವರಿಗೆ ಬರೆದು ಕೊಡ್ತೀನಿ. ನಿನ್ನ ಕೆಲಸ ಉಳಿತದಾ ನೋಡಾಣ."

ಭವ್ಯ ಸೆರಗಿನಿಂದ ಮುಖ ಒರೆಸಿಕೊಂಡಳು. "ಬರೆದು ಕೊಡಿ. ನಂಗೂ ಎರಡು ಮಕ್ಕಳಿದಾವೆ, ಅದನ್ನೂ ಬರೀರಿ." ಆಮೇಲೆ ವನಜಮ್ಮನ ಕಡೆ ತಿರುಗಿದಳು. "ವನಜಕ್ಕ, ಉಳಿದಿದ್ರೆ ಆ ಬಾಟ್ಲಿ ತೋರ್ಸಿ. ಹಾಳಾಗಿದ್ರೆ ನಾನೇ ವಾಪಸ್ ಕಳಿಸ್ತೀನಿ."

ಖಾಲಿಯಾಗಿದೆ ಎಂದಿದ್ದರೆ ಮಾತು ಅಲ್ಲಿಗೇ ಮುಗಿಯುತ್ತಿತ್ತು. ವನಜಮ್ಮ ಒಳಗೆ ಹೋದರು. ಬಹಳ ಹೊತ್ತು ಬರಲಿಲ್ಲ. ಬಂದಾಗ ಸೆರಗಿನಲ್ಲಿ ಐದು ಬಾಟಲಿಗಳಿದ್ದವು. ನಾಲ್ಕು ಭವ್ಯ ಬಂದಾಗಲೆಲ್ಲ ಕೊಟ್ಟುಹೋದವು, ಅವುಗಳ ಮುಚ್ಚಳ ಇನ್ನೂ ಒಡೆದಿರಲಿಲ್ಲ. ಐದನೆಯದು ಕೆಮ್ಮಿನ ಔಷಧಿಯದು. ಅವನ್ನು ಒಂದೊಂದಾಗಿ ಜಗಲಿಯ ಮೇಲೆ ಇಟ್ಟರು.

ಮೋಹಿತ ಹಳೆಯ ಬಾಟಲಿಯನ್ನು ತೆಗೆದು ಮೂಸಿದ. ಕೊಬ್ಬರಿ ಎಣ್ಣೆಯ ವಾಸನೆ.

"ಎಷ್ಟು ಬೆರೆಸ್ದೆ?"

"ಒಂದಕ್ಕೆ ಮೂರು."

"ಪುಕ್ಕಟೆ ಕೊಡೋದಲ್ವಾ ಅಮ್ಮ ಅದು. ಎಂತಕ್ಕೆ?"

"ಮುಂದಿನ ವರ್ಷ ಕೊಡ್ತಾರೋ ಇಲ್ವೋ ಅಂತ."

ಮೋಹಿತ ಬಾಟಲಿಯನ್ನು ಇದ್ದಲ್ಲೇ ಇಟ್ಟು, ಬಟ್ಟೆಯ ಚೀಲ ತೆಗೆದುಕೊಂಡು ಜೀಪು ಹತ್ತಿದ. ತಾನೂ ಬರುತ್ತೇನೆಂದು ವನಜಮ್ಮ ಗೇಟಿನವರೆಗೆ ಹೋದರು. ಅವನು ನಿಲ್ಲಿಸಲಿಲ್ಲ.

ಅಪ್ಪಟ ಎಣ್ಣೆ ಹಚ್ಚಿದವರಿಗೂ ಒಮ್ಮೊಮ್ಮೆ ಉಣುಗು ಕಚ್ಚುತ್ತದೆ, ಇದರಿಂದಲೇ ಹೀಗಾಯಿತೆಂದು ಯಾರೂ ಖಚಿತವಾಗಿ ಹೇಳಲಾರರು ಎಂದು ದೊಡ್ಡ ಆಸ್ಪತ್ರೆಯ ವೈದ್ಯರು ಮೋಹಿತನಿಗೆ ತಿಳಿಸಿದರು. ಅದೇ ಬಾಟಲಿಯ ಎಣ್ಣೆ ಹಚ್ಚಿ ಅದೇ ದರಕು ಹೊತ್ತ ವನಜಮ್ಮನಿಗೆ ಒಂದು ದಿನವೂ ಮೈ ಬಿಸಿಯಾಗಲಿಲ್ಲ.

ಅರ್ಪಿತಾ ಗುರುವಾರ ಬೆಳಿಗ್ಗೆ ತೀರಿಕೊಂಡಳು. ಅವಳಿಗೆ ಇಪ್ಪತ್ತಾರು ವರ್ಷ.

ಹನ್ನೊಂದನೇ ದಿನದ ಕಾರ್ಯ ಮುಗಿದ ಮೇಲೆ ಮೋಹಿತ ಎಸ್ಟೇಟಿನ ಆಳುಗಳ ಲೈನ್ ಮನೆಗೆ ಸಾಮಾನು ಸಾಗಿಸಿದ. ತಿಂಗಳಿಗೊಮ್ಮೆ ಬರುತ್ತಾನೆ. ಅಕ್ಕಿ, ಬೇಳೆಯ ಚೀಲವನ್ನು ಜಗಲಿಯಲ್ಲಿ ಇಳಿಸಿ, ಒಳಗೆ ಕಾಲಿಡದೆ ಮಧ್ಯಾಹ್ನದ ಬಸ್ಸಿಗೆ ಹೊರಟುಬಿಡುತ್ತಾನೆ.