ತೋಟಕ್ಕೆ ನಸುಗುನ್ನಿ ಹಬ್ಬಿಸಿದ್ದು

ನಸುಗುನ್ನಿ ಕಾಯಿಯ ಮೇಲಿನ ಒಂದೊಂದು ರೋಮವೂ ಎರಡು ಮಿಲಿಮೀಟರ್ ಉದ್ದ, ಬಣ್ಣ ಹಳೆಯ ಹಿತ್ತಾಳೆಯದು. ಒಣಗಿದ ಕಾಯಿ ಅಲುಗಿದರೆ ಸಾಕು, ಉದುರಿ ಗಾಳಿಯಲ್ಲಿ ತೇಲುತ್ತದೆ. ಇದನ್ನು ನಾನು ಅಳೆದು ಬರೆದುಕೊಂಡದ್ದು ಆ ಬಳ್ಳಿ ದೊಡ್ಡಮ್ಮನ ಅರ್ಧ ತೋಟವನ್ನು ಮುಚ್ಚಿದ ಮೇಲೆ.

ನಾನು ತುಮಕೂರಿನ ಕಾಲೇಜೊಂದರಲ್ಲಿ ಸಸ್ಯಶಾಸ್ತ್ರ ಪಾಠ ಮಾಡುತ್ತೇನೆ. ದೊಡ್ಡಮ್ಮನ ತೆಂಗಿನ ತೋಟ ಗುಬ್ಬಿಯ ಹತ್ತಿರ. ಮರಗಳ ನಡುವೆ ನಸುಗುನ್ನಿ ಹಬ್ಬಿಸಿದರೆ ಕಳೆ ಏಳುವುದಿಲ್ಲ, ಮಣ್ಣಿಗೂ ಸಾರ ಬರುತ್ತದೆ ಎಂದು ಅವಳನ್ನು ಒಪ್ಪಿಸಿದವಳು ನಾನೇ. ಇದರಲ್ಲಿ ಎರಡು ಬಗೆ. ಬೆಳೆಯಾಗಿ ಸಾಕಿದ್ದು ತುರಿಸುವುದಿಲ್ಲ. ಬೇಲಿಯಲ್ಲಿ ತಾನಾಗಿ ಹುಟ್ಟುವ ಕಾಡಿನದು ಮುಟ್ಟಿದವರನ್ನು ಕುಣಿಸುತ್ತದೆ. ಕುಣಿಗಲ್ ಕಡೆ ಕೊತ್ತಗೆರೆಯ ಬೇಲಿಯೊಂದರಲ್ಲಿ ಸಿಕ್ಕ ಹಳೆಯ ಕಾಯಿಗಳನ್ನು ಬರಿಗೈಯಲ್ಲಿ ಸುಲಿದೆ. ತುರಿಸಲಿಲ್ಲ. ಸಾಕಿದ ಬಗೆಯೇ ಎಂದು ತೀರ್ಮಾನಿಸಿದೆ. ಬೇಸಿಗೆಯ ಗಾಳಿ, ಮೊದಲ ಮಳೆ ಸೇರಿ ರೋಮವನ್ನೆಲ್ಲ ತೊಳೆದಿದ್ದವು ಎಂಬುದು ಎಂಎಸ್ಸಿ ಓದಿದವಳಿಗೆ ಹೊಳೆಯಲಿಲ್ಲ. ಬೀಜ ನೆನೆಹಾಕಿ ಊರಿದೆ.

ಕಾರ್ತಿಕದಲ್ಲಿ ಬದನೆ ಬಣ್ಣದ ಹೂಗೊಂಚಲುಗಳು ಇಳಿಬಿದ್ದವು. ದೊಡ್ಡಮ್ಮ ಫೋನು ಮಾಡಿದಳು. “ತೋಟಕ್ಕೆ ರೇಷ್ಮೆ ಸೀರೆ ಉಡ್ಸಿದ್ದೀಯ ಕಣೇ!” ಆ ವಾರವೆಲ್ಲ ಸ್ಟಾಫ್ ರೂಮಿನಲ್ಲಿ ನಾನು ಒಬ್ಬಳೇ ನಗುತ್ತಿದ್ದೆ.

ಜನವರಿಯ ಒಂದು ಭಾನುವಾರ ನಾನು ತೋಟದಲ್ಲಿದ್ದಾಗ ತೆಂಗಿನಕಾಯಿ ಕೀಳುವವನು ಬಂದ. ಆ ಸುತ್ತಿಗೆಲ್ಲ ಮರ ಹತ್ತುವವನು ಅವನೊಬ್ಬನೇ. ಅವನು ಮುನಿಸಿಕೊಂಡರೆ ಕಾಯಿ ತಾನಾಗಿ ಬೀಳುವ ತನಕ ಕಾಯಬೇಕು. ಮೊದಲ ಗೊನೆ ಬಳ್ಳಿಯ ಮೇಲೆ ಬಿತ್ತು, ಹೊಂಬಣ್ಣದ ಧೂಳೆದ್ದಿತು. ಇಳಿದು ಬಂದವನು ಗೊನೆಗೆ ಕೈ ಹಾಕಿ, ಒಂದೇ ನೆಗೆತಕ್ಕೆ ಹೊರಗೆ ಬಂದ.

“ಅಯ್ಯಯ್ಯೋ! ಇದ್ಯಾರವ್ವ ನೆಟ್ಟಿದ್ದು?”

“ನಮ್ ಮೇಡಮ್ಮು,” ಎಂದಳು ದೊಡ್ಡಮ್ಮ. “ಎಂಎಸ್ಸಿ ಓದವ್ಳೆ.”

“ಎಂಎಸ್ಸೀಲಿ ಇದ್ನೇ ಹೇಳ್ಕೊಟ್ರಾ?”

ಅವನನ್ನು ಹಿಡಿಯಲು ಓಡಿದ ನನ್ನ ಕುತ್ತಿಗೆಗೂ ರೋಮ ಹತ್ತಿತು. “ಕೆರ್ಕೋಬೇಡ್ರೋ!” ಎನ್ನುತ್ತ ದೊಡ್ಡಮ್ಮ ಕೊಟ್ಟಿಗೆಯಿಂದ ಸಗಣಿ ತಂದು ನಮ್ಮಿಬ್ಬರಿಗೂ ಮೆತ್ತಿದಳು. ಅದು ಒಣಗಿ ಸಿಪ್ಪೆಯಂತೆ ಎದ್ದು ಬರುವಾಗ ರೋಮವೂ ಜೊತೆಗೆ ಬರುತ್ತದೆ. ಅಲ್ಲಿಯವರೆಗೆ ಕಲ್ಲಿನಂತೆ ಕೂತಿರಬೇಕು.

“ನಿಮ್ ತಾತ ಇದೇ ಬೀಜನ ಹಾಲಲ್ಲಿ ಬೇಯ್ಸಿ, ಸಿಪ್ಪೆ ತೆಗ್ದು, ಪುಡಿ ಮಾಡ್ಕೊಂಡು ತಿಂತಿದ್ರು,” ಎಂದಳು.

“ಯಾತಕ್ಕೆ?”

“ಒಂಬತ್ತು ಮಕ್ಕಳಾಗ್ಲಿಲ್ವೇನೇ, ಅದಕ್ಕೆ!”

ಸಗಣಿ ಬಿರುಕು ಬಿಡುವಷ್ಟು ನಕ್ಕೆ. ನಾನು ಹಾಗೆ ನಗುವವಳಲ್ಲ. ಅವನಿಗೂ ನಗು ಬಂತು. ಆದರೂ ಹಗ್ಗ ಸುತ್ತಿಕೊಂಡು ಎದ್ದ.

“ಬುಡ್ರವ್ವ, ಇನ್ನ ಈ ತೋಟಕ್ಕೆ ನಾ ಬರಕ್ಕಿಲ್ಲ.”

“ಬಳ್ಳಿನೆಲ್ಲ ಇವತ್ತೇ ಕಿತ್ತರೆ?” ಎಂದು ಕೇಳಿದೆ.

ಅವನು ನನ್ನ ಕುತ್ತಿಗೆಯ ಸಗಣಿ ನೋಡಿದ. “ನೀರು ಹೊಡ್ದು ಕೀಳಿ, ನೆಂದ್ರೆ ಹಾರಕ್ಕಿಲ್ಲ. ನಾಳೆ ನೀವು ಬರೀ ತೋಳಲ್ಲಿ ಮೊದ್ಲು ಒಳಗೆ ನಡೀರಿ. ನೀವು ಕೆರ್ಕೊಂಡ್ರೆ ನಾನು ಮನೇಗೆ.”

ಮಧ್ಯಾಹ್ನದಿಂದ ಸಂಜೆಯವರೆಗೆ ದೊಡ್ಡಮ್ಮನೂ ನಾನೂ ಪೈಪಿನಲ್ಲಿ ನೀರು ಹೊಡೆದು, ಗೋಣಿಚೀಲ ಸುತ್ತಿಕೊಂಡು, ಬಳ್ಳಿ ಕಿತ್ತು ಗುಂಡಿಗೆ ತುಂಬಿ ಮಣ್ಣು ಮುಚ್ಚಿದೆವು. ಗೊಬ್ಬರವಂತೂ ಆಯಿತು. ದೊಡ್ಡಮ್ಮ ನಡುನಡುವೆ “ಒಂಬತ್ತು!” ಎಂದು ಕೂಗುತ್ತಿದ್ದಳು. ಪ್ರತಿ ಸಲವೂ ನನ್ನ ಕೈಯಿಂದ ಪೈಪು ಜಾರುತ್ತಿತ್ತು.

ಮರುದಿನ ಬೆಳಗ್ಗೆ ಕಾಲೇಜಿಗೆ ರಜೆ ಹೇಳಿ, ತೋಳಿನ ಬಟ್ಟೆ ಮೇಲಕ್ಕೆ ಮಡಚಿ ತೋಟಕ್ಕಿಳಿದೆ. ಅವನು ಗೇಟಿನ ಹತ್ತಿರ ಕುಕ್ಕರಗಾಲಲ್ಲಿ ಕೂತು ನೋಡುತ್ತಿದ್ದ. ಮೂರು ಸಾಲು ಏನೂ ಆಗಲಿಲ್ಲ. ನಾಲ್ಕನೆಯ ಸಾಲಿನ ಕೊನೆಯ ಮರದ ಹಿಂದೆ ಎಡತೋಳು ಚುರ್ ಎಂದಿತು: ಬಿಟ್ಟುಹೋಗಿದ್ದ ಒಂದೇ ಒಂದು ಕಾಯಿ. ಅದನ್ನು ಒದ್ದೆ ಮಣ್ಣಿನ ಉಂಡೆಯಲ್ಲಿ ಸುತ್ತಿ ಹೂತೆ. ಆಮೇಲೆ ಎರಡೂ ಕೈ ಬೆನ್ನ ಹಿಂದೆ ಕಟ್ಟಿ, ತುಟಿ ಕಚ್ಚಿ ಹಿಡಿದು, ಅವನು ಎದ್ದು ಮೊದಲ ಮರಕ್ಕೆ ಹಗ್ಗ ಸುತ್ತುವವರೆಗೂ ಉಳಿದ ಸಾಲುಗಳಲ್ಲಿ ನಿಧಾನವಾಗಿ ನಡೆದೆ.